ಮೆನು ಬದಲಿಸೋದು ಸುಲಭ, ಬಿಲ್ ಇಳಿಸೋದೇ ಕಷ್ಟ: ವಿದೇಶಿ ಅಂಗಡಿಗಳು ನಮ್ಮ ಪೇಟೆಗೆ ಹೊಂದಿಕೊಂಡ ಬಗೆ

2018ರ ಆಗಸ್ಟ್‌ನಲ್ಲಿ ಐಕಿಯಾ ಹೈದರಾಬಾದಿನಲ್ಲಿ ಭಾರತದ ತನ್ನ ಮೊದಲ ಅಂಗಡಿ ತೆರೆಯಿತು. ಆಗ ಸುದ್ದಿಯಲ್ಲಿ ಜಾಸ್ತಿ ಓಡಾಡಿದ್ದು ಸೋಫಾ, ಮಂಚಗಳಲ್ಲ, 10 ರೂಪಾಯಿ ಸಮೋಸಾ ಮತ್ತು 99 ರೂಪಾಯಿ ಬಿರಿಯಾನಿ. ಸ್ವೀಡನ್ನಿನ ಕಂಪನಿ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟು, ತನ್ನ ಹೆಸರಾಂತ ಮೀಟ್‌ಬಾಲನ್ನು ಕೋಳಿಯಲ್ಲೂ ತರಕಾರಿಯಲ್ಲೂ ಮಾಡಿ ಬಡಿಸಿತು. ಹೊರಗಿನವರು ನಮ್ಮ ರುಚಿಗೆ ತಗ್ಗಿದರು ಅಂತ ಓದೋಕೆ ನಮಗೂ ಖುಷಿ, ಬರೆಯೋರಿಗೂ ಸಲೀಸು.

ಆದರೆ ಸಮೋಸಾ ಕರಿಯುವುದು ಈ ಇಡೀ ವ್ಯವಹಾರದಲ್ಲಿ ಅತ್ಯಂತ ಸುಲಭದ ಕೆಲಸ. ಕಷ್ಟ ಇರುವುದು ಬೇರೆ ಕಡೆ. ನಮ್ಮ ಜನ ಒಂದು ಸಲಕ್ಕೆ ಎಷ್ಟು ದುಡ್ಡು ಬಿಚ್ಚುತ್ತಾರೆ, ಸರ್ಕಾರ ಯಾವ ಬಾಗಿಲಿಂದ ಒಳಗೆ ಬಿಡುತ್ತದೆ, ಬೀದಿ ಕೊನೆಯ ಅಂಗಡಿಯವರು ಏನೇನನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಕಳೆದ ಮೂವತ್ತು ವರ್ಷದಲ್ಲಿ ಬಂದವರಲ್ಲಿ ಯಾರು ನೆಲೆಯೂರಿದರು, ಯಾರು ಗಂಟುಮೂಟೆ ಕಟ್ಟಿದರು ಅಂತ ನೋಡಿದರೆ ರುಚಿಯಲ್ಲಿ ಸೋತವರು ಕಮ್ಮಿ. ಲೆಕ್ಕದಲ್ಲಿ ಸೋತವರೇ ಜಾಸ್ತಿ.

ಹಾಗಂತ ಐಕಿಯಾದವರು ಮನೆಪಾಠ ಮಾಡದೆ ಬಂದರು ಅನ್ನುವಂತಿಲ್ಲ. ಅಂಗಡಿ ತೆರೆಯುವ ಮೊದಲು ಅವರ ಜನ ಸುಮಾರು ಸಾವಿರ ಮನೆಗಳಿಗೆ ಹೋಗಿ, ಹೇಗೆ ಅಡುಗೆ ಮಾಡುತ್ತಾರೆ, ಎಲ್ಲಿ ಮಲಗುತ್ತಾರೆ, ನೆಂಟರು ಬಂದರೆ ಎಲ್ಲಿ ಕೂರಿಸುತ್ತಾರೆ ಅಂತ ನೋಡಿಕೊಂಡು ಬಂದರು. ಇಲ್ಲಿನ ಹೆಂಗಸರ ಸರಾಸರಿ ಎತ್ತರಕ್ಕೆ ತಕ್ಕಂತೆ ಕೆಲವು ಅಡುಗೆಕಟ್ಟೆ, ಕಪಾಟುಗಳನ್ನು ತಗ್ಗಿಸಿ ತೋರಿಸಿದರು. ಮಕ್ಕಳು ಸ್ಕೂಲಿಗೆ ಸೇರಿದ ಮೇಲೂ ಅಪ್ಪ ಅಮ್ಮನ ಕೋಣೆಯಲ್ಲೇ ಮಲಗುತ್ತಾರೆ ಅಂತ ಗೊತ್ತಾಗಿ, ಮಾದರಿ ಕೋಣೆಯಲ್ಲಿ ದೊಡ್ಡವರ ಮಂಚದ ಜೊತೆಗೆ ಮಕ್ಕಳ ಮಂಚವನ್ನೂ ಹಾಕಿದರು. ತೆಂಗಿನ ನಾರಿನ ಹಾಸಿಗೆ, ತವಾ, ಮಸಾಲೆ ಡಬ್ಬಿ, ಇಡ್ಲಿ ಪಾತ್ರೆ ಬಂದವು. ನಾಲ್ಕು ಜನ ಒಟ್ಟಿಗೆ ಬಂದುಬಿಟ್ಟರೆ ಎಳೆದು ಹಾಕಲು ಸ್ಟೂಲು, ಮಡಚುವ ಕುರ್ಚಿ ಜಾಸ್ತಿ ಇಟ್ಟರು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ನೆಲದ ವಿಷಯ. ನಮ್ಮಲ್ಲಿ ನೆಲ ಒರೆಸುವುದು ಅಂದರೆ ಬಕೆಟ್ ನೀರು, ಒದ್ದೆ ಬಟ್ಟೆ, ಹಬ್ಬದ ಹಿಂದಿನ ದಿನ ಅಂತೂ ಇಡೀ ಮನೆಯನ್ನೇ ತೊಳೆಯುವುದು. ಐಕಿಯಾದ ಬಹಳಷ್ಟು ಬೀರು, ಟೇಬಲ್ಲುಗಳು ಮರದ ಪುಡಿ ಒತ್ತಿ ಮಾಡಿದ ಹಲಗೆಯವು. ಅದರ ಬುಡಕ್ಕೆ ದಿನಾ ನೀರು ತಾಗಿದರೆ ಅಂಚು ಉಬ್ಬುತ್ತದೆ, ಆಮೇಲೆ ಮೇಲಿನ ಪದರ ಬಿಟ್ಟುಕೊಳ್ಳುತ್ತದೆ. ಚಳಿ ದೇಶದಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸುವ ಮನೆಗೆ ಮಾಡಿದ ಸಾಮಾನು ಇಲ್ಲಿ ಬಾಳಿಕೆ ಬರಬೇಕಾದರೆ ನೆಲದಿಂದ ಒಂದಿಷ್ಟು ಮೇಲೆ ನಿಲ್ಲಬೇಕು. ಹಾಗಾಗಿ ಕಾಲಿರುವ ಸಾಮಾನು, ಬುಡಕ್ಕೆ ಎತ್ತರ ಕೊಡುವ ತುಂಡುಗಳ ಕಡೆ ಗಮನ ಹೋಯಿತು. ಇದನ್ನು ಯಾವ ಸಮೀಕ್ಷೆಯ ಪ್ರಶ್ನೆಪಟ್ಟಿಯಲ್ಲೂ ಕೇಳಿ ತಿಳಿಯಲು ಆಗುವುದಿಲ್ಲ, ನೆಲ ಒರೆಸುವ ಹೊತ್ತಿಗೆ ಅಲ್ಲಿ ನಿಂತು ನೋಡಬೇಕು ಅಷ್ಟೇ.

ಇನ್ನೊಂದು ತೊಡಕು ಬಡಗಿಯದ್ದು. ಐಕಿಯಾದ ಇಡೀ ಲೆಕ್ಕಾಚಾರ ನಿಂತಿರುವುದು ಗಿರಾಕಿಯ ಕೂಲಿಯ ಮೇಲೆ. ಚಪ್ಪಟೆ ಡಬ್ಬದಲ್ಲಿ ತುಂಡುಗಳನ್ನು ನೀವೇ ಕಾರಲ್ಲಿ ಮನೆಗೆ ಒಯ್ಯುತ್ತೀರಿ, ನೀವೇ ಸ್ಕ್ರೂ ತಿರುಗಿಸಿ ಜೋಡಿಸುತ್ತೀರಿ, ಅದಕ್ಕೆ ಬೆಲೆ ಕಮ್ಮಿ. ಕೂಲಿ ದುಬಾರಿ ಇರುವ ಯುರೋಪಿನಲ್ಲಿ ಇದು ಒಳ್ಳೆ ವ್ಯವಹಾರ. ನಮ್ಮಲ್ಲಿ? ಬಡಗಿ ಮನೆಗೇ ಬರುತ್ತಾರೆ, ಪ್ಲೈವುಡ್ ಹಾಳೆ ಇಳಿಸಿಕೊಂಡು ಹಾಲ್‌ನಲ್ಲೇ ವಾರಗಟ್ಟಲೆ ಗರಗಸ ಆಡಿಸುತ್ತಾರೆ, ಮನೆ ತುಂಬ ಫೆವಿಕಾಲ್ ವಾಸನೆ, ಕೊನೆಗೆ ನಿಮ್ಮ ಗೋಡೆಯ ಅಳತೆಗೆ ಒಂದು ಇಂಚು ಆಚೀಚೆ ಆಗದ ಹಾಗೆ ವಾರ್ಡ್‌ರೋಬು, ನೀವೇ ಆರಿಸಿದ ಬಣ್ಣದ ಸನ್‌ಮೈಕಾ ಅಂಟಿಸಿ ನಿಲ್ಲಿಸುತ್ತಾರೆ. ಮೇಲೆ ಲಾಫ್ಟಿಗೂ ಬಾಗಿಲು. ಇಂಥವರ ಮುಂದೆ ‘ನೀವೇ ಜೋಡಿಸಿಕೊಳ್ಳಿ’ ಅಂದರೆ ಯಾರಿಗೆ ಬೇಕಾಗಿದೆ? ಅದಕ್ಕೇ ಐಕಿಯಾ ಹೈದರಾಬಾದಿನಲ್ಲಿ ಜೋಡಿಸಿಕೊಡುವುದಕ್ಕೇ 150 ಜನರ ತಂಡ ಕಟ್ಟಿತು, ಅದು ಸಾಲದು ಅಂತ ಮನೆಗೆ ಕೆಲಸಗಾರರನ್ನು ಕಳಿಸುವ ಆ್ಯಪು, ಆಗಿನ ಅರ್ಬನ್‌ಕ್ಲ್ಯಾಪ್ ಜೊತೆಗೂ ಕೈಜೋಡಿಸಿತು. ಇಡ್ಲಿ ಪಾತ್ರೆ ಇಡುವುದಕ್ಕೂ ಇದಕ್ಕೂ ಅಜಗಜಾಂತರ. ಮೊದಲನೆಯದು ಕಪಾಟಿಗೆ ಒಂದು ಸಾಮಾನು ಸೇರಿಸುವುದು, ಎರಡನೆಯದು ಕಂಪನಿ ನಡೆಯುವ ರೀತಿಯನ್ನೇ ತಿರುಗಿಸುವುದು.

ಇಷ್ಟೆಲ್ಲ ಆದ ಮೇಲೆ 2022ರ ಜೂನ್ 22ರಂದು ಬೆಂಗಳೂರಿನ ನಾಗಸಂದ್ರದಲ್ಲಿ 4.6 ಲಕ್ಷ ಚದರ ಅಡಿಯ ಅಂಗಡಿ ತೆರೆಯಿತು. ಪಕ್ಕದಲ್ಲೇ ಮೆಟ್ರೋ ನಿಲ್ದಾಣ. ಮೊದಲ ವಾರಾಂತ್ಯದಲ್ಲಿ ಒಳಗೆ ಹೋಗಲು ಗಂಟೆಗಟ್ಟಲೆ ಕಾಯಬೇಕು ಅಂತ ಬೋರ್ಡ್ ಹಾಕಬೇಕಾಯಿತು, ಅದರ ಫೋಟೋ, ಜೋಕು ಎಲ್ಲ ಕಡೆ ಹರಿದಾಡಿದವು. ತಿರುಪತಿ ದರ್ಶನದ ಸಾಲಿಗೆ ಹೋಲಿಸಿದವರೂ ಇದ್ದರು.

ಆದರೆ ನೋಡಲು ಬಂದವರೆಲ್ಲ ಕೊಳ್ಳುತ್ತಾರಾ? 2023-24ರಲ್ಲಿ ಐಕಿಯಾ ಇಂಡಿಯಾದ ವಹಿವಾಟು 1,800 ಕೋಟಿ ರೂಪಾಯಿ ಆಸುಪಾಸು, ನಷ್ಟ 1,000 ಕೋಟಿಗೂ ಮೇಲೆ. ದೊಡ್ಡ ಜಾಗ, ದೊಡ್ಡ ಕಟ್ಟಡ, ಮೊದಲ ವರ್ಷಗಳ ಹೂಡಿಕೆ ಅಂತ ಕಾರಣ ಕೊಡಬಹುದು, ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ವಿಷಯವೂ ಇದೆ. ಶುರುವಿನಲ್ಲೇ 200 ರೂಪಾಯಿಗಿಂತ ಕಮ್ಮಿ ಬೆಲೆಯ ಸುಮಾರು ಸಾವಿರ ಸಾಮಾನು ಇಡುತ್ತೇವೆ ಅಂತ ಕಂಪನಿ ಹೇಳಿಕೊಂಡಿತ್ತು. ಜನ ಅದನ್ನೇ ಹಿಡಿದುಕೊಂಡರು. ನೀಲಿ ಚೀಲ, ಎರಡು ಚಮಚ, ಒಂದು ಮೇಣದಬತ್ತಿ, ಮೇಲೊಂದು ಊಟ, ಒಂದು ಸೆಲ್ಫಿ. ವಾರ್ಡ್‌ರೋಬು ಮತ್ತೆ ಬಡಗಿಯದ್ದೇ. ಜೊತೆಗೆ, ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವವರಿಗೆ ನಾಗಸಂದ್ರ ಅಂದರೆ ಅರ್ಧ ದಿನದ ಪ್ರಯಾಣ. ಊರ ಹೊರಗೆ ಹೆದ್ದಾರಿ ಬದಿಯಲ್ಲಿ ದೊಡ್ಡ ಪೆಟ್ಟಿಗೆಯಂಥ ಅಂಗಡಿ ಕಟ್ಟಿದರೆ ಜನ ಕಾರಲ್ಲಿ ಬರುತ್ತಾರೆ ಅನ್ನುವುದು ಬೇರೆ ದೇಶದ ರಸ್ತೆಗಳನ್ನು ನಂಬಿ ಹುಟ್ಟಿದ ಐಡಿಯಾ. ಈಗ ಅವರೂ ಆ ಹಟ ಬಿಟ್ಟ ಹಾಗಿದೆ. ದೆಹಲಿಯಲ್ಲಿ 2025ರಲ್ಲಿ ಮೊದಲು ಆನ್‌ಲೈನ್ ಮಾರಾಟ ಶುರು ಮಾಡಿ, ಆಮೇಲೆ ಮಾಲ್ ಒಳಗೆ ಚಿಕ್ಕ ಅಂಗಡಿ ತೆರೆದರು.

ಇನ್ನು ಬಾಗಿಲಿನ ವಿಷಯ. ಐಕಿಯಾ ಅರ್ಜಿ ಹಾಕಿದ್ದು 2012ರಲ್ಲಿ, 10,500 ಕೋಟಿ ರೂಪಾಯಿ ಹೂಡುತ್ತೇವೆ ಅಂತ. ಅಂಗಡಿ ತೆರೆದಿದ್ದು 2018ರಲ್ಲಿ. ಒಂದೇ ಬ್ರ್ಯಾಂಡಿನ ಸಾಮಾನು ಮಾರುವವರಿಗೆ 2006ರಲ್ಲಿ 51%, 2012ರಲ್ಲಿ 100% ವಿದೇಶಿ ಬಂಡವಾಳಕ್ಕೆ ಅವಕಾಶ ಸಿಕ್ಕಿತು, ಆದರೆ 30% ಸರಕು ಇಲ್ಲೇ ಕೊಳ್ಳಬೇಕು ಅನ್ನುವ ಷರತ್ತಿನ ಜೊತೆಗೆ. ಇನ್ನೂ ತಮಾಷೆ ಅಂದರೆ, ಐಕಿಯಾದ ಅರ್ಜಿಗೆ ಮೊದಲ ಸುತ್ತಿನಲ್ಲಿ ಒಪ್ಪಿಗೆ ಕೊಟ್ಟಾಗ ಅರ್ಧದಷ್ಟು ಬಗೆಯ ಸಾಮಾನನ್ನೂ, ಅಂಗಡಿಯೊಳಗಿನ ಹೋಟೆಲನ್ನೂ ಸರ್ಕಾರ ಕೈಬಿಟ್ಟಿತ್ತು. ಪೀಠೋಪಕರಣದ ಅಂಗಡಿಯಲ್ಲಿ ಊಟ ಯಾಕೆ ಅಂತ. 2013ರಲ್ಲಿ ಅದಕ್ಕೂ ಅನುಮತಿ ಸಿಕ್ಕಿತು. ಅಂದರೆ ನಾವು ಕೊಂಡಾಡಿದ ಆ ಬಿರಿಯಾನಿ ಬಡಿಸುವುದಕ್ಕೆ ಅವರು ಮೊದಲು ದೆಹಲಿಯ ಕಚೇರಿಗಳಲ್ಲಿ ಕಾಯಬೇಕಾಗಿತ್ತು.

ಬೆಂಗಳೂರಿನವರಿಗೆ ಈ ಬಾಗಿಲಿನ ಆಟ ಚೆನ್ನಾಗಿ ಗೊತ್ತಿರಬೇಕು. ಜರ್ಮನಿಯ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ 2003ರಲ್ಲಿ ಭಾರತಕ್ಕೆ ಕಾಲಿಟ್ಟಿದ್ದೇ ಇಲ್ಲಿ, ಯಶವಂತಪುರದಲ್ಲಿ. ನಮ್ಮ ನಿಮ್ಮಂಥವರಿಗೆ ಮಾರುವ ಹಾಗಿರಲಿಲ್ಲ. ಅಂಗಡಿ, ಹೋಟೆಲು, ಕ್ಯಾಂಟೀನು ನಡೆಸುವವರಿಗೆ ಮಾತ್ರ ಸಗಟು ಮಾರಾಟ, ಅವರಿಗೊಂದು ಕಾರ್ಡು. ಕಾರ್ಡಿದ್ದ ಪರಿಚಯದವರ ಜೊತೆ ಹೋಗಿ ತಿಂಗಳ ದಿನಸಿ ತಂದವರು ಬೆಂಗಳೂರಲ್ಲಿ ಕಮ್ಮಿ ಏನಿಲ್ಲ ಬಿಡಿ. ಆಟದ ಸಾಮಾನು ಮಾರುವ ಫ್ರಾನ್ಸಿನ ಡೆಕಾತ್ಲಾನ್ ಕೂಡ 2009ರಲ್ಲಿ ಸರ್ಜಾಪುರ ರಸ್ತೆಯಲ್ಲಿ ಸಗಟು ವ್ಯಾಪಾರವಾಗಿಯೇ ಶುರು ಮಾಡಿತು, ಎಲ್ಲರಿಗೂ ಬಾಗಿಲು ತೆಗೆದಿದ್ದು 2013ರಲ್ಲಿ ಅನುಮತಿ ಸಿಕ್ಕ ಮೇಲೆ. ಅಮೆರಿಕದ ವಾಲ್‌ಮಾರ್ಟ್ ಏರ್‌ಟೆಲ್‌ನವರ ಭಾರ್ತಿ ಕಂಪನಿ ಜೊತೆ ಸೇರಿ 2009ರಲ್ಲಿ ಅಮೃತಸರದಲ್ಲಿ ತೆರೆದಿದ್ದೂ ಸಗಟು ಅಂಗಡಿಯೇ. ಗಿರಾಕಿಯ ಮನಸ್ಸು ಅರ್ಥ ಮಾಡಿಕೊಂಡು ಹೀಗೆ ಮಾಡಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಾನೂನು ಬಿಟ್ಟ ಸಂದಿ ಅದೊಂದೇ ಆಗಿತ್ತು.

ಬಹುಬ್ರ್ಯಾಂಡ್ ಅಂಗಡಿ, ಅಂದರೆ ಅಕ್ಕಿ, ಸೋಪು, ಬಿಸ್ಕತ್ತು ಎಲ್ಲ ಮಾರುವ ಸೂಪರ್ ಮಾರ್ಕೆಟ್ಟಿಗೆ 2012ರ ಸೆಪ್ಟೆಂಬರಿನಲ್ಲಿ 51% ವಿದೇಶಿ ಬಂಡವಾಳ ಬಿಟ್ಟರು. ಕನಿಷ್ಠ 10 ಕೋಟಿ ಡಾಲರ್ ಹೂಡಬೇಕು, ಅದರಲ್ಲಿ ಅರ್ಧ ಗೋದಾಮು, ಶೀತಲೀಕರಣದಂಥದಕ್ಕೆ ಹೋಗಬೇಕು, ಮೇಲೆ ಆಯಾ ರಾಜ್ಯವೂ ಒಪ್ಪಬೇಕು. ಆಗ ಆದ ಗಲಾಟೆ ನೆನಪಿದೆಯಲ್ವಾ? ಬಂದ್, ಸಂಸತ್ತಿನಲ್ಲಿ ಮತದಾನ, ಟೀವಿಯಲ್ಲಿ ವಾರಗಟ್ಟಲೆ ವಾದ. ಕೊನೆಗೆ ಆ ನಿಯಮದಡಿ ಬಂದಿದ್ದು ಬ್ರಿಟನ್ನಿನ ಟೆಸ್ಕೊ ಒಂದೇ, ಅದೂ ಟಾಟಾದವರ ಸ್ಟಾರ್ ಬಜಾರ್‌ನಲ್ಲಿ ಅರ್ಧ ಪಾಲುದಾರನಾಗಿ. ಫ್ರಾನ್ಸಿನ ಸೂಪರ್ ಮಾರ್ಕೆಟ್ ಕಂಪನಿ ಕಾರ್‌ಫೋರ್ 2010ರಲ್ಲಿ ಸಗಟು ಅಂಗಡಿ ತೆರೆದು, ಐದು ಅಂಗಡಿಗೇ ಸಾಕು ಅಂತ 2014ರಲ್ಲಿ ಹೊರಟುಹೋಯಿತು. ವಾಲ್‌ಮಾರ್ಟ್ 2013ರಲ್ಲಿ ಭಾರ್ತಿಯಿಂದ ಬೇರೆಯಾಯಿತು. ಕೊನೆಗೆ 2018ರಲ್ಲಿ ಅದು ಮಾಡಿದ್ದೇನು? 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟಿನ 77% ಪಾಲು ಕೊಂಡುಕೊಂಡಿತು. ಹೊಂದಿಕೊಳ್ಳುವುದನ್ನು ಕಲಿಯುವ ಬದಲು ಆಗಲೇ ಹೊಂದಿಕೊಂಡವರನ್ನೇ ಕೊಂಡರು ಅನ್ನಬಹುದು. ಕ್ಯಾಶ್ ಆನ್ ಡೆಲಿವರಿಯನ್ನು ಇಲ್ಲಿ ರೂಢಿಗೆ ತಂದವರು, ಸಣ್ಣ ಊರಿನ ಪಿನ್‌ಕೋಡ್ ಗೊತ್ತಿದ್ದವರು ಅವರೇ ತಾನೇ.

ಈ ದೊಡ್ಡವರೆಲ್ಲ ಕಿರಾಣಿ ಅಂಗಡಿಗಳನ್ನು ನುಂಗಿಬಿಡುತ್ತಾರೆ ಅನ್ನುವ ಭಯ ಹಾಗೆ ನಿಜವಾಗಲಿಲ್ಲ. ಕಾನೂನು ತಡೆದಿದ್ದು ಒಂದು ಕಾರಣ. ಇನ್ನೊಂದು ಕಾರಣ ಕಿರಾಣಿಯ ಲೆಕ್ಕವೇ. ಅಂಗಡಿ ಸ್ವಂತದ್ದು ಅಥವಾ ಹಳೇ ಬಾಡಿಗೆಯದ್ದು. ಗಲ್ಲಾದಲ್ಲಿ ಕೂರುವವರು ಮನೆಯವರೇ, ಸಂಬಳ ಇಲ್ಲ. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ಅದಕ್ಕಿಂತ ಜಾಸ್ತಿ ಯಾರೂ ಮಾರುವ ಹಾಗಿಲ್ಲ, ಹಾಗಾಗಿ ಎಸಿ ಹಾಕಿದ ಅಂಗಡಿಯವರಿಗೂ ಇವರಿಗೂ ಮೇಲಿನ ಮಿತಿ ಒಂದೇ. ಕೆಳಗೆ ಇಳಿಸೋಣ ಅಂದರೆ ದೊಡ್ಡವರಿಗೆ ಬಾಡಿಗೆ, ಕರೆಂಟು, ಸಿಬ್ಬಂದಿ ಖರ್ಚು ಅಡ್ಡ ಬರುತ್ತದೆ. ದೊಡ್ಡ ಅಂಗಡಿಯ ಬಲ ಇರುವುದು ದೊಡ್ಡ ಪ್ಯಾಕಿನಲ್ಲಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಐದು ಲೀಟರ್ ಫಿನಾಯಿಲ್ ಎಲ್ಲಿಡುವುದು? ಆಕ್ಟಿವಾದ ಕಾಲಿಡುವ ಜಾಗದಲ್ಲಿ 25 ಕೆಜಿ ಅಕ್ಕಿ ಚೀಲ ಇಟ್ಟುಕೊಂಡರೆ ಬೇರೇನು ಹಿಡಿಯುತ್ತದೆ?

ಜೊತೆಗೆ ಉದ್ರಿ. ‘ಇಂದು ನಗದು, ನಾಳೆ ಸಾಲ’ ಅಂತ ಬೋರ್ಡ್ ಹಾಕಿಕೊಂಡ ಅಂಗಡಿಯಲ್ಲೇ ಗಲ್ಲಾದ ಕೆಳಗೆ ಸಾಲದ ಪುಸ್ತಕ ಇರುತ್ತದೆ, ಬಾಡಿಗೆ ಮನೆಯವರ ಹೆಸರು, ಕೆಳಗೆ ಹಾಲು ಎರಡು, ಬೆಲ್ಲ ಅರ್ಧ ಕೆಜಿ, ಸಂಬಳ ಬಂದ ಮೇಲೆ ಒಂದು ಗೀಟು. ಈ ಸಾಲಕ್ಕೆ ಬಡ್ಡಿ ಇಲ್ಲ, ಅರ್ಜಿ ಇಲ್ಲ, ಸಿಬಿಲ್ ಸ್ಕೋರಂತೂ ಇಲ್ಲವೇ ಇಲ್ಲ. ಜರ್ಮನಿಯ ಕಂಪನಿಯಾಗಲಿ ಅಮೆರಿಕದ್ದಾಗಲಿ, ಯಾವ ಕಂಪ್ಯೂಟರಿನಿಂದ ಇದನ್ನು ಮಾಡುತ್ತದೆ?

ಹಾಗೆ ನೋಡಿದರೆ ‘ಭಾರತದ ಗಿರಾಕಿ’ ಅಂತ ಒಬ್ಬರು ಇಲ್ಲವೇ ಇಲ್ಲ. ನಮ್ಮ ಒಂದೇ ರಾಜ್ಯ ತಗೊಳ್ಳಿ. ಬೆಂಗಳೂರಲ್ಲಿ ಸೋನಾ ಮಸೂರಿ, ಮಂಗಳೂರಲ್ಲಿ ಕುಚ್ಚಲಕ್ಕಿ, ಹುಬ್ಬಳ್ಳಿಗೆ ಹೋದರೆ ಬಿಳಿಜೋಳ, ಮಂಡ್ಯದ ಕಡೆ ರಾಗಿ. ಒಂದು ಗೋದಾಮಿನಿಂದ ಒಂದೇ ಪಟ್ಟಿ ಕಳಿಸಿದರೆ ಅರ್ಧ ಸಾಮಾನು ಹುಳು ಹಿಡಿಯುತ್ತದೆ. ನೆದರ್‌ಲೆಂಡ್ಸಿನ ಸೂಪರ್ ಮಾರ್ಕೆಟ್ ಕಂಪನಿ ಸ್ಪಾರ್ ಇಲ್ಲಿ ಜಾಣತನ ತೋರಿಸಿತು: ಸ್ವಂತ ಅಂಗಡಿ ಕಟ್ಟಲಿಲ್ಲ, ಹೆಸರನ್ನು ಲೈಸೆನ್ಸಿಗೆ ಕೊಟ್ಟಿತು. ಬೆಂಗಳೂರು, ಮಂಗಳೂರಿನ ಸ್ಪಾರ್‌ಗಳನ್ನು ನಡೆಸುವುದು ಲ್ಯಾಂಡ್‌ಮಾರ್ಕ್ ಗ್ರೂಪಿನ ಕಂಪನಿ. ಯಾವ ಊರಿಗೆ ಯಾವ ಅಕ್ಕಿ ಅನ್ನುವ ತಲೆನೋವು ಅವರದ್ದು.

ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿಯವರು ಇದನ್ನೆಲ್ಲ ಬಲ್ಲವರೇ. ಕಿರಾಣಿಯವರನ್ನು ಸೋಲಿಸುವ ಬದಲು ಅವರನ್ನೇ ಗಿರಾಕಿ ಮಾಡಿಕೊಂಡರು, ಸುಮಾರು ಇಪ್ಪತ್ತು ವರ್ಷ ಇದ್ದರು, 31 ಅಂಗಡಿ ಕಟ್ಟಿದರು. ಆದರೂ 2022ರ ಡಿಸೆಂಬರಿನಲ್ಲಿ ಇಡೀ ವ್ಯಾಪಾರವನ್ನು 2,850 ಕೋಟಿ ರೂಪಾಯಿಗೆ ರಿಲಯನ್ಸಿಗೆ ಮಾರಲು ಒಪ್ಪಿಕೊಂಡರು. ಹೊಂದಿಕೊಳ್ಳಲು ಬರಲಿಲ್ಲ ಅಂತ ಇವರನ್ನು ದೂರುವುದು ತಪ್ಪು. ಹೊಂದಿಕೊಂಡರು, ಆದರೆ ಮುಂದಿನ ಹಂತಕ್ಕೆ ಬೇಕಾದ ದುಡ್ಡು, ಆ್ಯಪು, ಮನೆಬಾಗಿಲ ಡೆಲಿವರಿ ಎಲ್ಲದರಲ್ಲೂ ಇಲ್ಲಿನ ದೊಡ್ಡ ಕುಳಗಳು ಇಳಿದಾಗ ಕೈ ಕೊಡವಿಕೊಂಡು ಹೊರಟರು.

ಊಟ ತಿಂಡಿಯ ಕಂಪನಿಗಳಲ್ಲೂ ಇದೇ ಕಥೆಯ ಇನ್ನೊಂದು ಮುಖ ಕಾಣುತ್ತದೆ. ಕೆಎಫ್‌ಸಿ 1995ರ ಜೂನ್‌ನಲ್ಲಿ ಭಾರತದ ಮೊದಲ ಅಂಗಡಿ ತೆರೆದಿದ್ದು ನಮ್ಮ ಬ್ರಿಗೇಡ್ ರಸ್ತೆಯಲ್ಲಿ. ಅಜಿನೊಮೊಟೊ ಮಿತಿ ಮೀರಿದೆ ಅಂತ ಪಾಲಿಕೆ ಲೈಸೆನ್ಸ್ ರದ್ದು ಮಾಡಿತು, ಕಂಪನಿ ಹೈಕೋರ್ಟಿನಿಂದ ತಡೆ ತಂದಿತು. 1996ರ ಜನವರಿಯಲ್ಲಿ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅಂಗಡಿಗೆ ನುಗ್ಗಿ ಗಾಜು ಒಡೆದರು. ಆ ಹೋರಾಟದಲ್ಲಿ ಕೋಳಿಯ ರುಚಿಗಿಂತ ದೊಡ್ಡ ಪ್ರಶ್ನೆಗಳಿದ್ದವು. ನಮ್ಮ ಬೆಳೆ ಯಾರ ಕೋಳಿಗೆ ಮೇವಾಗಬೇಕು, ಬೀಜ ಯಾರದ್ದು, ಲಾಭ ಎಲ್ಲಿಗೆ ಹೋಗುತ್ತದೆ. ಎಲ್ಲ ವಾದಗಳನ್ನೂ ಒಪ್ಪಬೇಕಿಲ್ಲ, ಆದರೆ ಆಮೇಲೆ ಬಂದ ಕಂಪನಿಗಳು ಅದರಿಂದ ಪಾಠ ಕಲಿತದ್ದು ನಿಜ. 1996ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ತೆರೆದ ಮೆಕ್‌ಡೊನಾಲ್ಡ್ಸ್ ದನದ ಮಾಂಸ ಇಲ್ಲದೇ ಬಂತು. ಸಸ್ಯಾಹಾರದ ಅಡುಗೆಗೆ ಬೇರೆ ಜಾಗ, ಬೇರೆ ಪಾತ್ರೆ. ಲೆಟ್ಯೂಸ್ ಸೊಪ್ಪನ್ನು, ಆಲೂಗಡ್ಡೆಯನ್ನು ಇಲ್ಲಿನ ರೈತರಿಂದ ಬೆಳೆಸಿ, ಶೀತಲ ವ್ಯವಸ್ಥೆಯಲ್ಲಿ ಸಾಗಿಸುವ ಏರ್ಪಾಡನ್ನು ಅಂಗಡಿ ತೆರೆಯುವ ಎಷ್ಟೋ ಮೊದಲೇ ಶುರು ಮಾಡಿತ್ತು. 2024ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಜೊತೆ ಸೇರಿ ರಾಗಿ, ಜೋಳ, ಸಜ್ಜೆ ಬೆರೆಸಿದ ಬನ್ನನ್ನೂ ಮಾರಲು ಶುರು ಮಾಡಿತು.

ಆಲೂ ಟಿಕ್ಕಿ ಬರ್ಗರ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ಕಂಪನಿಯ ನಿಜವಾದ ತಿರುವು 2004ರಲ್ಲಿ ಬಂತು ಅಂತ ನನ್ನ ಲೆಕ್ಕ, 20 ರೂಪಾಯಿಯ ಮೆನು ತಂದಾಗ. ಕಾಲೇಜು ಹುಡುಗರು ಜೇಬು ಮುಟ್ಟಿ ನೋಡಿಕೊಳ್ಳದೆ ಒಳಗೆ ಹೋಗುವಂತಾಗಿದ್ದು ಆಗ. ಡಾಮಿನೋಸ್ ಇದನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಕೊಂಡಿತು. ಪನೀರು, ಮಸಾಲೆ ಎಲ್ಲ ಸರಿ, ಆದರೆ 2023ರಲ್ಲಿ ಬೆಲೆಯೇರಿಕೆಯಿಂದ ಎಲ್ಲರೂ ಕಂಗಾಲಾಗಿದ್ದಾಗ 49 ರೂಪಾಯಿಯ ಚಿಕ್ಕ ಪಿಜ್ಜಾ ಇಟ್ಟಿತು. ಈಗ ದೇಶದಲ್ಲಿ ಅದರ ಅಂಗಡಿಗಳು 2,000 ದಾಟಿವೆ. ಡಾಮಿನೋಸನ್ನು ಇಲ್ಲಿ ನಡೆಸುವ ಜುಬಿಲೆಂಟ್ ಕಂಪನಿಯೇ 2012ರಲ್ಲಿ ತಂದ ಡಂಕಿನ್ ಡೋನಟ್ಸ್ ಮಾತ್ರ ಎದ್ದು ನಿಲ್ಲಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಬಿಸಿ ಬಿಸಿ ಇಡ್ಲಿ ವಡೆ, ಉಪ್ಪಿಟ್ಟು, ಪರೋಟ ತಿನ್ನುವ ಜನರಿಗೆ ತಣ್ಣಗಿನ ಸಿಹಿ ತಿಂಡಿಯನ್ನು ನಾಷ್ಟಾ ಅಂತ ಮಾರುವುದು ಹೇಗೆ? ಬರ್ಗರ್ ಇಟ್ಟು ನೋಡಿದರು, ಆಮೇಲೆ ಸಾಲು ಸಾಲು ಅಂಗಡಿ ಮುಚ್ಚಿದರು. ಇದು ರುಚಿಯ ಸೋಲು ಅಂತ ನಾನೂ ಒಪ್ಪುತ್ತೇನೆ. ಆದರೆ ಇಂಥವು ಕಮ್ಮಿ.

ಸ್ಟಾರ್‌ಬಕ್ಸ್ ಕಥೆ ನಮಗೆ ಹತ್ತಿರದ್ದು. ಟಾಟಾದವರ ಜೊತೆ ಅರ್ಧರ್ಧ ಪಾಲಿನಲ್ಲಿ 2012ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಶುರುವಾಯಿತು, ಬೆಂಗಳೂರಿಗೆ ಬಂದಿದ್ದು ಮರುವರ್ಷ, ಕೋರಮಂಗಲಕ್ಕೆ. ಕಾಫಿ ಬೀಜ ಟಾಟಾದವರ ಕೊಡಗಿನ ತೋಟಗಳದ್ದು, ಹುರಿಯುವ ಘಟಕ ಕುಶಾಲನಗರದಲ್ಲಿ. ಇಷ್ಟು ಸ್ಥಳೀಯ ಇನ್ಯಾವುದಿದೆ ಹೇಳಿ? ಆದರೂ ಹತ್ತು ವರ್ಷ ಬೆಲೆ ಮಾತ್ರ ಅಮೆರಿಕದ ಗತ್ತಿನಲ್ಲೇ ಉಳಿದಿತ್ತು. 2022ರಲ್ಲಿ ಬೆಂಗಳೂರು, ಗುರುಗ್ರಾಮ, ಭೋಪಾಲ್, ಇಂದೋರ್‌ಗಳಲ್ಲಿ ಪ್ರಯೋಗಕ್ಕೆ ಅಂತ ಮಸಾಲಾ ಚಹಾ, ಫಿಲ್ಟರ್ ಕಾಫಿ ಇಟ್ಟರು. ಸುದ್ದಿಯಾಗಿದ್ದು ಫಿಲ್ಟರ್ ಕಾಫಿ. ಆದರೆ ಅದರ ಜೊತೆಗೆ ಬಂದ ಚಿಕ್ಕ ಕಪ್ಪನ್ನು ಗಮನಿಸಿ. ‘ಪಿಕ್ಕೊ’ ಅಂತ ಹೆಸರು, ಆಗ 185 ರೂಪಾಯಿಯಿಂದ ಶುರು. ದರ್ಶಿನಿಯಲ್ಲಿ ನಿಂತು ಬೈ-ಟು ಹೇಳಿ ಒಂದು ಕಾಫಿಯನ್ನು ಇಬ್ಬರು ಕುಡಿಯುವ ಊರಿಗೆ ಚಿಕ್ಕ ಕಪ್ಪು ಬೇಕು ಅಂತ ಹೊಳೆಯಲು ಹತ್ತು ವರ್ಷ ಹಿಡಿಯಿತು! 185 ಕೂಡ ನಮ್ಮ ಲೆಕ್ಕಕ್ಕೆ ಜಾಸ್ತಿಯೇ. ಆ ದುಡ್ಡಿಗೆ ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದರೂ ಚಿಲ್ಲರೆ ವಾಪಸ್ ಬರುತ್ತದೆ. ಆದರೆ ಅಲ್ಲಿ ಮಾರುತ್ತಿರುವುದು ಎರಡು ಗಂಟೆ ಕೂರುವ ಕುರ್ಚಿ, ಎಸಿ, ವೈಫೈ. ಬೆಂಗಳೂರಲ್ಲಿ ಅದಕ್ಕೂ ಬೆಲೆ ಇದೆ ಬಿಡಿ, ಅಷ್ಟೇನು ದುಬಾರಿ ಅಲ್ಲ ಅನ್ನುವವರೂ ಸಿಗುತ್ತಾರೆ.

ಪಾಲುದಾರರ ವಿಷಯದಲ್ಲಿ ಕಂಪನಿಗಳು ಜಾಸ್ತಿ ಬಾಯಿ ಬಿಡದ ಒಂದು ಸಂಗತಿ ಇದೆ. ಸ್ಪೇನಿನ ಬಟ್ಟೆ ಕಂಪನಿ ಜಾರಾ 2010ರಲ್ಲಿ ಟಾಟಾದವರ ಟ್ರೆಂಟ್ ಜೊತೆ ಸೇರಿ ಬಂತು. ಇಲ್ಲಿಗಾಗಿ ಹೆಚ್ಚೇನೂ ಬದಲಾಗಲಿಲ್ಲ, ದೊಡ್ಡ ಊರಿನ ದೊಡ್ಡ ಮಾಲ್‌ಗಳಲ್ಲೇ ಉಳಿಯಿತು. ಅದೇ ಟ್ರೆಂಟ್ ಆಮೇಲೆ ಜುಡಿಯೋ ಅಂತ ಸ್ವಂತ ಅಂಗಡಿ ಶುರು ಮಾಡಿತು. ಹೊಸ ಫ್ಯಾಷನ್ ಬೇಗ ಬೇಗ ಅಂಗಡಿಗೆ ಬರಬೇಕು, ಜಾಹೀರಾತಿಗೆ ಖರ್ಚು ಬೇಡ ಅನ್ನುವ ಅದೇ ಸೂತ್ರ, ಬೆಲೆ ಮಾತ್ರ 999ರ ಒಳಗೆ. ಜುಡಿಯೋ ಇವತ್ತು ಜಿಲ್ಲಾ ಕೇಂದ್ರಗಳಿಗೂ ಬಂದು ನೂರಾರು ಅಂಗಡಿ ಆಗಿದೆ, ಜಾರಾ ಇನ್ನೂ ಎರಡು ಡಜನ್ ಆಸುಪಾಸು. ವಿದೇಶಿ ಕಂಪನಿ ಇಲ್ಲಿನ ಪೇಟೆ ಕಲಿಯಲಿ ಅಂತ ನಾವು ನೋಡುತ್ತಾ ಕೂತಿದ್ದಾಗ, ಇಲ್ಲಿನ ಪಾಲುದಾರರು ಅವರ ವಿದ್ಯೆ ಕಲಿತುಬಿಟ್ಟಿದ್ದರು.

ಭಾಷೆಯ ಬಗ್ಗೆ ಎರಡು ಮಾತು. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡದಲ್ಲಿ ಬಂದವು. ಯಾವ ಕಾನೂನೂ ಒತ್ತಾಯ ಮಾಡಿರಲಿಲ್ಲ, ಗಿರಾಕಿಗಳು ಈಗ ಸಣ್ಣ ಊರುಗಳಲ್ಲಿದ್ದಾರೆ ಅಂತ ಅವರಿಗೇ ಗೊತ್ತಾಯಿತು. ರಸ್ತೆ ಮೇಲಿನ ಅಂಗಡಿಗಳದ್ದು ಉಲ್ಟಾ. 2023ರ ಡಿಸೆಂಬರಿನಲ್ಲಿ ರಕ್ಷಣಾ ವೇದಿಕೆಯವರು ಬೆಂಗಳೂರಿನ ಇಂಗ್ಲಿಷ್ ಬೋರ್ಡುಗಳನ್ನು ಕಿತ್ತು ಹಾಕಿದ ಮೇಲೆ, 2024ರಲ್ಲಿ ನಾಮಫಲಕದಲ್ಲಿ 60% ಕನ್ನಡ ಅಂತ ಕಾನೂನು ಬಂದ ಮೇಲೆ, ದೊಡ್ಡ ದೊಡ್ಡ ಬ್ರ್ಯಾಂಡುಗಳ ಹೆಸರನ್ನು ನಾವು ಕನ್ನಡದಲ್ಲಿ ಓದುವಂತಾಯಿತು. ಬೋರ್ಡ್ ಬದಲಾದಷ್ಟು ಸುಲಭವಾಗಿ ಒಳಗಿನ ಕೌಂಟರಿನ ಮಾತು ಬದಲಾಗಲಿಲ್ಲ ಅನ್ನುವುದು ಬೇರೆ ವಿಷಯ.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಗಟ್ಟಿಯಾಗಿ ಕಾಣುವುದು ಡೆಕಾತ್ಲಾನ್. ಅಲ್ಲಿ ಸಮೋಸಾ ಇಲ್ಲ, ಸಿನಿಮಾ ನಟರ ಪೋಸ್ಟರ್ ಇಲ್ಲ. ಮಕ್ಕಳು ಅಂಗಡಿಯೊಳಗೇ ಚೆಂಡು ಒದೆಯುತ್ತಾರೆ, ಸೈಕಲ್ ತುಳಿದು ನೋಡುತ್ತಾರೆ, ಯಾರೂ ಗದರುವುದಿಲ್ಲ. ಕ್ರಿಕೆಟ್ ಆಡದ ದೇಶದ ಕಂಪನಿ ಕ್ರಿಕೆಟ್ಟಿಗೆ ಅಂತಲೇ ಇಲ್ಲಿ ಒಂದು ಬ್ರ್ಯಾಂಡ್ ಬೆಳೆಸಿತು. ಅಂಗಡಿ ತೆರೆಯುವುದಕ್ಕೂ ಮೊದಲೇ ಇಲ್ಲಿ ಸಾಮಾನು ಮಾಡಿಸಿ ಹೊರಗೆ ಒಯ್ಯುತ್ತಿದ್ದರು, ಹಾಗಾಗಿ 30% ಷರತ್ತು ಅವರಿಗೆ ಹೊರೆಯಾಗಲಿಲ್ಲ. ಇಲ್ಲೇ ಮಾಡಿದ್ದನ್ನು ಇಲ್ಲೇ ಮಾರಿದರೆ ಸಾಗಣೆಯೂ ಇಲ್ಲ, ಆಮದು ಸುಂಕವೂ ಇಲ್ಲ, ಕೆಲವೇ ನೂರು ರೂಪಾಯಿಗೆ ಒಂದು ಬ್ಯಾಗು ಕೊಡುವುದು ಆಗ ಸಾಧ್ಯ. 2030ರ ಹೊತ್ತಿಗೆ ಭಾರತದಿಂದ ಕೊಳ್ಳುವುದನ್ನು 300 ಕೋಟಿ ಡಾಲರಿಗೆ ಏರಿಸುತ್ತೇವೆ ಅಂತ 2025ರಲ್ಲಿ ಹೇಳಿದ್ದಾರೆ.

ಇದಕ್ಕೆ ಪೂರ್ತಿ ಉಲ್ಟಾ ಇರುವುದು ಆ್ಯಪಲ್. 2025ರ ಸೆಪ್ಟೆಂಬರಿನಲ್ಲಿ ಹೆಬ್ಬಾಳದ ಮಾಲ್ ಆಫ್ ಏಷ್ಯಾದಲ್ಲಿ ಬೆಂಗಳೂರಿನ ಮೊದಲ ಸ್ವಂತ ಅಂಗಡಿ ತೆರೆದರು. ತೆರೆಯುವ ಮೊದಲು ಮುಂಭಾಗಕ್ಕೆ ನವಿಲುಗರಿಯ ಚಿತ್ರ ಹಾಕಿದ್ದರು, ಚೆಂದವಾಗಿತ್ತು. ಒಳಗೆ ಹೋದರೆ ನ್ಯೂಯಾರ್ಕಿನಲ್ಲಿರುವ ಅದೇ ಮರದ ಟೇಬಲ್ಲು, ಅದೇ ಫೋನು. ಇಲ್ಲಿಗಾಗಿ ಫೋನನ್ನು ಬದಲಿಸಿಲ್ಲ, ಅಗ್ಗದ್ದೊಂದನ್ನು ಮಾಡಿಯೂ ಕೊಟ್ಟಿಲ್ಲ. ಬದಲಿಗೆ ಬಡ್ಡಿ ಇಲ್ಲದ ಇಎಂಐ, ಹಳೇ ಫೋನಿಗೆ ಎಕ್ಸ್‌ಚೇಂಜ್, ಬ್ಯಾಂಕ್ ಕಾರ್ಡಿಗೆ ಕ್ಯಾಶ್‌ಬ್ಯಾಕ್. ಎಂಬತ್ತು ಸಾವಿರದ ಫೋನನ್ನು ಒಂದೇ ಸಲಕ್ಕೆ ಕೊಳ್ಳಲಾಗದ ಹುಡುಗ ಅಲ್ಲಿ ತಿಂಗಳಿಗೆ ಎಷ್ಟಾಗುತ್ತದೆ ಅಂತ ಕೇಳುತ್ತಾನೆ, ಕೌಂಟರಿನವರು ಕ್ಯಾಲ್ಕುಲೇಟರ್ ತೆಗೆಯುತ್ತಾರೆ.